ಪರಾತದೊಳಗಿನ ಉಪ್ಪಿನ ಬಯಲು

ಅಣ್ಣಿಗೇರಿಯ ನಮ್ಮ ಶಾಲೆಯ ಭೂಗೋಳದ ಮಾಸ್ತರರು ಏನೇ ಕಲಿಸಲಿ, "ಕಣ್ಣಿಲೆ ನೋಡ್ರಿ, ಆಮ್ಯಾಲೆ ನಂಬ್ರಿ" ಅನ್ನುತ್ತಿದ್ದರು. ಎತ್ತರದ ಪರ್ವತಗಳ ನಡುವಿನ ಉಪ್ಪಿನ ಬಯಲನ್ನು ತೋರಿಸಲೆಂದು ಅಗಲ ತಟ್ಟೆಯಂಥ ಪರಾತದಲ್ಲಿ ಉಪ್ಪುನೀರು ಹಾಕಿ ವಾರವಿಡೀ ಬಿಸಿಲಿಗಿಟ್ಟರು. ನೀರು ಆರಿ ಬಿಳಿ ಪದರ ಕಟ್ಟಿತು. ಪಾಠದ ದಿನ ಬೆಳಿಗ್ಗೆ, ಉಪ್ಪು ವ್ಯರ್ಥವಾಗಬಾರದೆಂದು ಬಿಸಿಯೂಟದ ಅಕ್ಕ ಅದನ್ನು ಕೆರೆದು ಸಾರಿಗೆ ಹಾಕಿಬಿಟ್ಟಿದ್ದಳು. ನಾವು ನಕ್ಕೆವು. ಅಕ್ಕ ಸೆರಗಿನ ತುದಿ ತಿರುವುತ್ತ ಬಾಗಿಲಲ್ಲೇ ನಿಂತಳು.

ಮಾಸ್ತರರು ಖಾಲಿ ಪರಾತವನ್ನು ಎತ್ತಿ ಹಿಡಿದರು. "ನಗಬ್ಯಾಡ್ರಿ. ಅಂಥಾ ಬಯಲಿನ ತಳದ ಉಪ್ಪುನೀರಿನಾಗ ನಿಮ್ಮ ಮೊಬೈಲ್ ಬ್ಯಾಟರಿಗೆ ಬೇಕಾದ ಲಿಥಿಯಂ ಐತಿ. ಅಲ್ಲಿ ಮಂದಿನೂ ನೀರು ಬಿಸಿಲಿಗೆ ಆರಿಸಿ ಹಿಂಗ ಕೆರೀತಾರ. ಉಳಿದ ಪಾಠ ಅಕ್ಕಾರು ಮಾಡ್ಯಾರ, ಕಣ್ಣಿಲೆ ನೋಡಿದ್ರಿಲ್ಲ?"

ಅಂದು ಊಟಕ್ಕೆ ಕೂತಾಗ ಅವರು ಎರಡು ಸಲ ಸಾರು ಹಾಕಿಸಿಕೊಂಡರು. ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು.