ಬದುವಿನ ಹುಲ್ಲು

ಅಣ್ಣನ ಹೊಲಕ್ಕೂ ನನ್ನ ಹೊಲಕ್ಕೂ ನಡುವೆ ಇರುವುದು ಒಂದೇ ಬದು. ಪಾಲಾದಾಗ ಅಪ್ಪನೇ ಅಳೆದು ಹಾಕಿಸಿದ್ದು. ನಾವಿಬ್ಬರೂ ಊರಿನ ಸಾವಯವ ಗುಂಪಿಗೆ ಸೇರಿದ ಮೇಲೆ ಆ ಬದುವಿಗೂ ಬೆಲೆ ಬಂತು. ಅದರ ಮೇಲೆ ಹುಲ್ಲು, ಹೊಂಗೆ ಬೆಳೆಯಲು ಬಿಡಬೇಕು, ವಿಷ ಸೋಕಿಸಬಾರದು. ಹಾಗೆ ಕಾಪಾಡಿದವರಿಗೆ ಸರ್ಕಾರ ವರ್ಷಕ್ಕೊಮ್ಮೆ ಪ್ರೋತ್ಸಾಹಧನ ಕೊಡುತ್ತದೆ. ಹುಲ್ಲು ಬೆಳೆಸುವುದಕ್ಕೂ ದುಡ್ಡೇ ಎಂದು ನಾನು ನಕ್ಕಿದ್ದೆ. ಅಣ್ಣ ನಗಲಿಲ್ಲ. ಗುಂಪು ಕಟ್ಟಲು ಮನೆಮನೆ ತಿರುಗಿದವನೇ ಅವನು. ಸಗಣಿ, ಗಂಜಲ, ಬೆಲ್ಲ ಕಲಸಿದ ಜೀವಾಮೃತದ ಡ್ರಮ್ಮನ್ನು ತೊಟ್ಟಿಲ ಹಾಗೆ ನೆರಳಲ್ಲಿಟ್ಟುಕೊಂಡು ದಿನಕ್ಕೆರಡು ಸಲ ಕೋಲಿನಿಂದ ತಿರುವುತ್ತಿದ್ದ.

ಗುಂಪಿನಲ್ಲಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಸಹಿ ಹಾಕಬೇಕು. ನನ್ನದನ್ನು ಅಣ್ಣ ನೋಡುತ್ತಿದ್ದ.

ಎರಡನೇ ವರ್ಷ ಬದುವಿನ ನನ್ನ ಮಗ್ಗುಲಲ್ಲಿ ಪಾರ್ಥೇನಿಯಂ ಸೊಂಟದವರೆಗೆ ಎದ್ದಿತು. ಅವರೆಕಾಯಿ ಬಿಡಿಸಲು ಹೋದ ನನ್ನ ಹೆಂಡತಿಗೆ ಅಲ್ಲಿ ಹಾವು ಕಂಡಿತು. ಕಳೆ ಕೀಳಲು ಆಳು ಸಿಗಲಿಲ್ಲ, ಎಲ್ಲರೂ ಈರುಳ್ಳಿ ಕೀಳಲು ಹೋಗಿದ್ದರು. ನಾನು ಹಿರಿಯೂರಿಗೆ ಹೋಗಿ ಕಳೆ ಸುಡುವ ಔಷಧಿ ತಂದೆ. ಹೊಳಲ್ಕೆರೆಯಲ್ಲೇ ಸಿಗುತ್ತಿತ್ತು, ಆದರೆ ಅಲ್ಲಿನ ಅಂಗಡಿಯವರಿಗೆ ನನ್ನ ಮುಖ ಗೊತ್ತು. ಬೆನ್ನಿಗೆ ಪಂಪು ಹಾಕಿಕೊಂಡು ಒಂದೇ ಒಂದು ಸಲ ಹೊಡೆದೆ. ಗಾಳಿ ಅಣ್ಣನ ಹೊಲದ ಕಡೆಗೆ ಬೀಸುತ್ತಿತ್ತು. ಅದು ನನಗೆ ಗೊತ್ತಾಗುತ್ತಲೇ ಇತ್ತು. ಪಂಪಿನಲ್ಲಿ ಇನ್ನೂ ಅರ್ಧ ಉಳಿದಿತ್ತು, ಮುಗಿಸಿದೆ.

ಹದಿನೈದು ದಿನ ಬಿಟ್ಟು ಅಣ್ಣ ಫಾರಂ ಹಿಡಿದು ಬಂದ. ಹಳದಿಯಾದ ಹುಲ್ಲಿನ ಮುಂದೆ ನಿಂತ.

"ಏನಪ್ಪ, ಹುಲ್ಲು ಯಾಕೆ ಹಿಂಗಾಗೈತೆ?"

"ಬಿಸಿಲಣ್ಣ."

ಅವನು ತನ್ನ ಕಡೆಯ ಅವರೆ ಸಾಲನ್ನು ನೋಡಿದ. ಅದರ ಎಲೆಯೂ ಮುದುಡಿತ್ತು. ಬದುವಿನ ಮೇಲೆ ಕೂತು ಫಾರಮ್ಮನ್ನು ತೊಡೆಯ ಮೇಲಿಟ್ಟು ಸಹಿ ಹಾಕಿದ.

ಆಮೇಲೆ ಪರೀಕ್ಷೆಗೆ ಮಾದರಿ ತೆಗೆಯುವವರು ಬಂದರು. ಗುಂಪಿಗೆ ಒಂದು ಹೊಲ ಸಾಕಂತೆ. ಚೀಟಿ ಎತ್ತಿದರೆ ಅಣ್ಣನ ಹೆಸರು ಬಂತು. ಬದುವಿನ ಪಕ್ಕದ ಸಾಲಿನಿಂದಲೇ ಎಲೆ ಕಿತ್ತುಕೊಂಡು ಹೋದರು. ಎಲೆಯಲ್ಲಿ ವಿಷ ಇದೆ ಎಂದು ವರದಿ ಬಂತು.

ಗುಂಪಿನ ಸಭೆಯಲ್ಲಿ ಅಣ್ಣ ಎದ್ದು ನಿಂತು, "ನಾನು ಹೊಡೆದಿಲ್ರಿ. ನಮ್ಮನೇಲಿ ಪಂಪೇ ಇಲ್ಲ" ಎಂದ. ಯಾರೋ ನಕ್ಕರು. ಅವನನ್ನು ಕೈಬಿಡದಿದ್ದರೆ ಎಲ್ಲರ ಪ್ರೋತ್ಸಾಹಧನವೂ ನಿಲ್ಲುತ್ತದೆ, ಒಪ್ಪಿಗೆ ಇದ್ದವರು ಕೈ ಎತ್ತಿ ಎಂದರು ಅಧ್ಯಕ್ಷರು. ನಾನೂ ಎತ್ತಿದೆ. ಆಗ ನನಗೆ ಏನೂ ಅನ್ನಿಸಲಿಲ್ಲ. ಅಂಗಿಯ ಹೊಲಿಗೆ ಕಂಕುಳಲ್ಲಿ ಬಿಟ್ಟಿದೆ, ಹಾಕಿಸಬೇಕು ಎಂದುಕೊಂಡದ್ದು ಮಾತ್ರ ನೆನಪಿದೆ.

ಅಣ್ಣ ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಯುಗಾದಿಗೆ ಊಟಕ್ಕೆ ಕರೆದ, ಹೋದೆ. ಅತ್ತಿಗೆ ಇನ್ನೊಂದು ಹೋಳಿಗೆ ಹಾಕಿದರು, ಅದನ್ನೂ ತಿಂದೆ. ನಾಚಿಕೆಯಾಗಬೇಕಿತ್ತು. ಹೊಟ್ಟೆ ತುಂಬಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಈ ವರ್ಷ ಹೊಸದೊಂದು ನಿಯಮ ಬಂದಿದೆ. ಬದುವಿನ ಆಚೆ ಕಡೆಯ ಹೊಲದವರು ಗುಂಪಿನಲ್ಲಿ ಇಲ್ಲದಿದ್ದರೂ ಅವರ ಸಹಿ ಬೇಕು. ಫಾರಂ ಹಿಡಿದು ಹೋದೆ. ಅಣ್ಣ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಪಾರ್ಥೇನಿಯಂ ಕೀಳುತ್ತಿದ್ದ. ಅವನಿಗೆ ಈಗ ಸರ್ಕಾರದಿಂದ ಏನೂ ಬರುವುದಿಲ್ಲ. ಆದರೂ ತನ್ನ ಮಗ್ಗುಲು ಮುಗಿಸಿ ನನ್ನ ಮಗ್ಗುಲಿಗೆ ಬಂದಿದ್ದ.

ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು ಸಹಿ ಹಾಕಿದ. ಫಾರಂ ವಾಪಸ್ಸು ಕೊಡುತ್ತಾ ಹುಲ್ಲಿನ ಮೇಲೆ ಕೈಯಾಡಿಸಿದ.

"ಈ ವರ್ಷ ಬಿಸಿಲು ಇನ್ನೂ ಜೋರೈತೆ. ಹುಲ್ಲು ನೋಡು, ಹಸುರಾಗೇ ಐತೆ."

ಅವನಿಗೆ ಅಂದೇ ಗೊತ್ತಿತ್ತು. ಸಭೆಯಲ್ಲಿ ಎದ್ದು ನಿಂತಾಗಲೂ ಗೊತ್ತಿತ್ತು, ನನ್ನ ಕೈ ಮೇಲೆದ್ದಾಗಲೂ ಗೊತ್ತಿತ್ತು.

"ಅಣ್ಣ" ಎಂದೆ.

"ಆಫೀಸ್ ಮುಚ್ತಾರೆ, ಹೋಗಪ್ಪ" ಎಂದು ಅವನು ಮತ್ತೆ ಕಳೆಗೆ ಕೈ ಹಾಕಿದ.

ನಾನು ಹೋದೆ.