ಗುಳಿಗಿ ಹೆಚ್ಚಾಗ್ಯಾವ

ಒಂದು ಇಡೀ ಸಂಜೆ ನಾನು ನನ್ನ ಅಕ್ಕನನ್ನು ಕೊಂದುಬಿಟ್ಟೆ ಅಂತಲೇ ತಿಳಿದಿದ್ದೆ. ಆ ಹೆದರಿಕೆ ಇನ್ನೂ ಮೈಯಿಂದ ಹೋಗಿಲ್ಲ. ಈಗಲೂ ಫೋನಿನಲ್ಲಿ ಅವಳ ಹೆಸರು ಕಂಡರೆ ಎದೆ ಧಸಕ್ಕೆನ್ನುತ್ತದೆ.

ಟೀವಿ ಧಾರಾವಾಹಿಗಳಲ್ಲಿ ನಾನು ಡಾಕ್ಟರು. ಕಥೆ ಬದಲಾಗುತ್ತದೆ, ಸೊಸೆ ಬದಲಾಗುತ್ತಾಳೆ, ನನ್ನ ಬಿಳಿ ಕೋಟು ಮಾತ್ರ ಬದಲಾಗುವುದಿಲ್ಲ. ಆಪರೇಷನ್ ಕೋಣೆಯಿಂದ ಹೊರಬಂದು, ಅತ್ತೆಯ ಮುಖ ಒಮ್ಮೆ ಸೊಸೆಯ ಮುಖ ಒಮ್ಮೆ ನೋಡಿ, "ಇಪ್ಪತ್ನಾಲ್ಕು ಗಂಟೆ ಏನೂ ಹೇಳೋಕಾಗಲ್ಲ" ಅಂದರೆ ನನ್ನ ಕೆಲಸ ಮುಗಿಯಿತು. ಪಿಯುಸಿಯ ಜೀವಶಾಸ್ತ್ರದಲ್ಲಿ ಎರಡು ಸಲ ಡುಮ್ಕಿ ಹೊಡೆದ ಆಸಾಮಿ ನಾನು. ಆದರೂ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಓಣಿಯಲ್ಲಿ ಸೈಕಲ್ ರಿಪೇರಿಯವರು ಮೊಣಕಾಲು ಚಾಚಿ, "ಡಾಕ್ಟರ್ ಸಾಬ್, ಜರಾ ನೋಡ್ರಿ" ಎನ್ನುತ್ತಾರೆ. ನಾನೂ ಗತ್ತಿನಿಂದ ಒತ್ತಿ ನೋಡುತ್ತಿದ್ದೆ. ಬುದ್ಧಿ ಇಲ್ಲದವನು ಇನ್ನೇನು ಮಾಡುತ್ತಾನೆ?

ಶೂಟಿಂಗ್ ಇಲ್ಲದ ದಿನ ಇನ್ನೊಂದು ದಂಧೆ. ಗೆಳೆಯನೊಬ್ಬನ ಜೊತೆ ವೇದಿಕೆ ಹತ್ತಿ, ಪ್ರೇಕ್ಷಕರ ಹತ್ತಿರ ಒಂದು ಮಾತು ಕೇಳಿ, ಅದರ ಮೇಲೆ ನಿಂತ ನಿಲುವಿನಲ್ಲೇ ಹಾಸ್ಯ ಕಟ್ಟುವುದು. ಬರೆದಿಟ್ಟದ್ದು ಒಂದಕ್ಷರವೂ ಇರುವುದಿಲ್ಲ. ಎದುರಿನವರು ಏನಂದರೂ "ಇಲ್ಲ" ಅನ್ನಬಾರದು, ಯೋಚಿಸುತ್ತ ನಿಲ್ಲಬಾರದು, ಥಟ್ಟನೆ ಮಾತು ಬರಬೇಕು. ಈ ಥಟ್ಟನೆ ಬಾಯಿ ಬಿಡುವ ಚಟ ವೇದಿಕೆ ಇಳಿದ ಮೇಲೂ ನನ್ನನ್ನು ಬಿಡಲಿಲ್ಲ.

ಅಕ್ಕ ಇರುವುದು ಕುರುಗೋಡಿನಲ್ಲಿ. ಜಾಕೀಟು, ಅಂದರೆ ರವಿಕೆ, ಹೊಲಿಯುತ್ತಾಳೆ. ಅವಳ ಗಂಡ, ನಮ್ಮ ಮಾವ, ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸಗಾರ. ಅಕ್ಕನ ಹೃದಯದ ಕವಾಟ ಬದಲಿಸಿ ಆರು ವರ್ಷವಾಗಿದೆ. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಗುಳಿಗೆ, ಸಾಯುವತನಕ. ಒಂದು ದಿನವೂ ತಪ್ಪಬಾರದು ಅಂತ ನಿಜವಾದ ಡಾಕ್ಟರು ಬರೆದು ಕೊಟ್ಟಿದ್ದಾರೆ. ಆ ಗುಳಿಗೆ ಬಳ್ಳಾರಿಯಿಂದಲೇ ಹೋಗಬೇಕು. ತೀರಿದಾಗ ಅವಳು ಫೋನ್ ಮಾಡುತ್ತಿದ್ದುದು ನನ್ನ ಹೆಂಡತಿಗೆ. ಆ ಸಲ ಹೆಂಡತಿ ತವರಿಗೆ ಹೋಗಿದ್ದಳು, ಫೋನ್ ನನಗೆ ಬಂತು.

ನಾನು ಬೆಂಗಳೂರಿನ ಸೆಟ್ಟಿನಲ್ಲಿ ಕೋಟು ಹಾಕಿಕೊಂಡು ಕೂತಿದ್ದೆ.

"ತಮ್ಮಾ, ಗುಳಿಗಿ ಹೆಚ್ಚಾಗ್ಯಾವಪ್ಪ" ಅಂದಳು.

"ಹೆಚ್ಚಾಗಿದ್ರ ಇರ್ಲಿ ಬಿಡಕ್ಕ. ನಾ ಬಂದ ಮ್ಯಾಲ ನೋಡೋಣು" ಅಂದೆ. ಅಷ್ಟರಲ್ಲಿ ಶಾಟ್ ರೆಡಿ ಅಂತ ಕರೆದರು, ಫೋನ್ ಇಟ್ಟೆ.

ಒಂಬತ್ತು ದಿನದ ಮೇಲೆ ಸಿರುಗುಪ್ಪದಲ್ಲಿ ನಮ್ಮ ಹಾಸ್ಯ ಸಂಜೆ. ಕಲ್ಯಾಣ ಮಂಟಪ ತುಂಬಿತ್ತು. "ಒಂದು ಮಾತು ಕೊಡ್ರಿ" ಅಂತ ಕೇಳಿದೆ. ಮುಂದಿನ ಸಾಲಿನ ಒಬ್ಬ ದೊಡ್ಡಮ್ಮ ಕೂಗಿದಳು: "ಅಕ್ಕಿ ಹೆಚ್ಚಾಗ್ಯಾವ!"

ಭತ್ತದ ಸೀಮೆ, ಅಕ್ಕಿಯ ಮಾತು, ಇನ್ನೇನು ಬೇಕು? ಶುರು ಹಚ್ಚಿಕೊಂಡೆ. ಮಂಚದ ಕೆಳಗೆ ಅಕ್ಕಿ, ದಿಂಬಿನೊಳಗೆ ಅಕ್ಕಿ, ಹೆಂಡತಿ ಸಿಟ್ಟಿಗೆದ್ದು ಬಾಯಿ ತೆರೆದರೆ ಅಲ್ಲೂ ಅಕ್ಕಿ. ಜನ ನಕ್ಕರು. ದೊಡ್ಡಮ್ಮ ಮಾತ್ರ ಎದ್ದು ನಿಂತು ಸೊಂಟಕ್ಕೆ ಕೈ ಇಟ್ಟಳು.

"ಅಯ್ಯ ನಿನ್ನ! ಅಕ್ಕಿ ಹೆಚ್ಚಾಗ್ಯಾವ ಅಂದ್ರ ತೀರ್ಯಾವ ಅಂತ ಲೇ! ಮನ್ಯಾಗಿನ ಅಕ್ಕಿ, ಉಪ್ಪು, ಕುಂಕುಮ ತೀರ್ತು ಅಂತ ಯಾರರ ಬಾಯಿ ಬಿಟ್ಟು ಅಂತಾರೇನು? ನಿಮ್ಮವ್ವ ಕಲಿಸಲಿಲ್ಲೇನು ನಿನಗ?"

ಮಂಟಪ ಹಾರಿಹೋಗುವ ಹಾಗೆ ನಗು. ಕಲಿಸಿದ್ದಳು. ಅವ್ವ ಕಲಿಸಿದ್ದಳು, ಅಕ್ಕ ಕಲಿತಿದ್ದಳು. ಉಸಿರು ಹಿಡಿದಿರುವ ಗುಳಿಗೆಯನ್ನು ತೀರಿತು ಅನ್ನಲು ಬಾಯಿ ಬಾರದೆ "ಹೆಚ್ಚಾಗ್ಯಾವ" ಅಂದಿದ್ದಳು. ಹೆಚ್ಚಾಗಿದ್ದರೆ ಇರಲಿ ಬಿಡು ಅಂದವನು ನಾನು. ಒಂಬತ್ತು ದಿನ!

ಗೆಳೆಯ ನನ್ನ ಮುಖ ನೋಡಿಯೇ ಏನೋ ಆಗಿದೆ ಅಂತ ತಿಳಿದು ಆಟವನ್ನು ತನ್ನ ಮೇಲೆ ಎಳೆದುಕೊಂಡ. ನಾನು ಪರದೆಯ ಹಿಂದೆ ಓಡಿ ಅಕ್ಕನಿಗೆ ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಮಾವನದು ಸ್ವಿಚ್ ಆಫ್. ಹೊರಗೆ ಬಂದು ಸಿಕ್ಕ ಬಾಡಿಗೆ ಕಾರು ಹತ್ತಿದೆ.

"ಏಮೈಂದನ್ನಾ?" ಏನಾಯಿತಣ್ಣಾ ಅಂತ ತೆಲುಗಿನಲ್ಲಿ ಕೇಳಿದ ಡ್ರೈವರ್, ನನ್ನ ಅವತಾರ ನೋಡಿ.

"ಕುರುಗೋಡು, ಲಗೂನ ನಡೀಯಪ್ಪ" ಅಂದೆ.

ತೆಕ್ಕಲಕೋಟೆ ದಾಟುವಷ್ಟರಲ್ಲಿ ಹದಿನಾಲ್ಕು ಸಲ ಫೋನ್ ಮಾಡಿದ್ದೆ. ಎತ್ತದ ಒಂದೊಂದು ಸಲವೂ ಅವಳು ಮಷಿನ್ನಿನ ಪಕ್ಕ ಬಿದ್ದಿರುವುದು ಕಣ್ಣಿಗೆ ಕಟ್ಟುತ್ತಿತ್ತು. ಭಗವಂತಾ, ನನ್ನ ನಾಲಿಗೆ ಬಿದ್ದುಹೋಗಲಿ, ಅವಳಿಗೆ ಏನೂ ಆಗದಿರಲಿ. ಬೇಡಿಕೊಳ್ಳುತ್ತಲೇ ಇದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವುದನ್ನು ಶಾಲೆಯಲ್ಲಿ ಕಾಪಿ ಬರೆದಿದ್ದೆನೇ ಹೊರತು ತಿಳಿದಿರಲಿಲ್ಲ.

ಹದಿನೈದನೆಯ ಸಲ ಎತ್ತಿದಳು.

"ಯಾಕಪ್ಪಾ ಅಷ್ಟು ಸಲ ಮಾಡೀದಿ? ಟೀವ್ಯಾಗ ನಿಂದಽ ಬರಾಕತ್ತಿತ್ತು, ಕೇಳಿಸಲಿಲ್ಲ."

"ಆರಾಮ ಅದಿಯೇನಕ್ಕ?"

"ಅದೀನಿ. ಮುಂಜಾನಿಂದ ಬಲಗೈ ಜೋಮು ಹಿಡದೈತಿ ನೋಡು, ಕತ್ರಿ ಹಿಡಿಯಾಕ ಬರವಲ್ದು."

ಅವಳು ಅದನ್ನು ಬೆಂಡೆಕಾಯಿ ತುಟ್ಟಿಯಾಗಿದೆ ಅನ್ನುವ ಹಾಗೆ ಹೇಳಿದಳು. ಬಾಗಿಲಲ್ಲಿ ಕೂತಿರು, ಬಂದೆ, ಅಂದೆ. ಡ್ರೈವರ್ ನಾನು ಹೇಳದೆಯೇ ಜೋರು ಮಾಡಿದ. ಕುರುಗೋಡಿನಲ್ಲಿ ಅವಳನ್ನು ಹತ್ತಿಸಿಕೊಂಡು ಕಾರು ನೇರ ಬಳ್ಳಾರಿ ಕಡೆ ತಿರುಗಿತು. ದಾರಿಯಲ್ಲಿ ಅವಳ ಬಲಗೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದೆ. ಬೆರಳು ಮಡಚು ಅಂದರೆ ನಕ್ಕಳು, ಬೆರಳು ಮಡಚಲಿಲ್ಲ.

"ಗುಳಿಗಿ ತೀರಿದ್ರ ಸುಮ್ನ ಯಾಕ ಕುಂತಿ? ಮಾವಗರ ಹೇಳಬಾರದಾಗಿತ್ತಾ?" ಹೆದರಿಕೆಗೆ ಕಿರುಚಿದೆ.

"ನೀನಽ ಇರ್ಲಿ ಬಿಡು ಅಂದೆಲ್ಲ."

"ನಾನೇನು ಡಾಕ್ಟರೇನಕ್ಕಾ?"

"ಇಷ್ಟು ವರ್ಷ ಆ ಕೋಟು ಹಾಕ್ಕಂಡು ಅಡ್ಡಾಡೀದಿ. ಒಂದೀಟರ ತಿಳಿದಿರ್ತೈತಿ ಅಂದ್ಕಂಡೆ."

ಬಳ್ಳಾರಿ ಬರುವತನಕ ಅವಳ ಬೆರಳು ತಿಕ್ಕುತ್ತಲೇ ಇದ್ದೆ.

ಆಸ್ಪತ್ರೆಯಲ್ಲಿ ಅವಳನ್ನು ಒಳಗೆ ಒಯ್ದರು. ಮಾವನಿಗೆ ಸುದ್ದಿ ಮುಟ್ಟಿ ಅವನೂ ಪಾಳಿ ಬಿಟ್ಟು ಓಡಿ ಬಂದ. ಇಬ್ಬರೂ ಬೆಂಚಿನ ಮೇಲೆ ಕೂತೆವು. ಯಾಕೆ ಹೀಗಾಯಿತು ಅಂತ ಅವನು ಕೇಳಿದ, ಗೊತ್ತಿಲ್ಲ ಅಂದೆ. ಥಟ್ಟನೆ ಬಂದ ಉತ್ತರ ಅದು. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ಸಣ್ಣ ಹೆಪ್ಪು, ಜೀವಕ್ಕೆ ಭಯವಿಲ್ಲ, ಕೈ ಮೊದಲಿನ ಹಾಗೆ ಆಗುತ್ತದೋ ಇಲ್ಲವೋ ಕಾದು ನೋಡಬೇಕು ಅಂತ ಡಾಕ್ಟರು ಹೇಳಿದರು. ಕೈ ಎಂದರೆ ಅವಳ ಬದುಕೇ.

ಮರುದಿನ ಡಾಕ್ಟರಮ್ಮ ಹಾಸಿಗೆಯ ಹತ್ತಿರ ಬಂದು ಗದರಿದರು. "ಒಂಬತ್ತು ದಿನ ಮಾತ್ರೆ ಬಿಟ್ಟಿದ್ದೀರಾ! ಬಿಡಿ ಅಂತ ಯಾರು ಹೇಳಿದ್ದು ನಿಮಗೆ?"

ನಾನು ಹಾಸಿಗೆಯ ಕಾಲ ಕಡೆ ನಿಂತಿದ್ದೆ, ಮಾವ ತಲೆಯ ಕಡೆ. ಅಕ್ಕ ನನ್ನ ಕಡೆ ನೋಡಲಿಲ್ಲ.

"ಯಾರೂ ಹೇಳಿಲ್ರಿ. ನಾನಽ ಮರ್ತೆ" ಅಂದಳು.

ಮಾವ ಅವಳನ್ನು ಬೈದ. ಇಷ್ಟು ತಿಳಿದವಳು, ಜೀವದ ಮೇಲೆ ಖಬರಿಲ್ಲವೇ ಅಂತ ಎಲ್ಲರ ಎದುರಿಗೆ ಬೈದ. ಅವಳು ಎಡಗೈಯಿಂದ ಸೆರಗು ಸರಿಮಾಡಿಕೊಂಡು ಕೇಳಿಸಿಕೊಂಡಳು. ನಾನು ಬಾಯಿ ತೆರೆಯಲಿಲ್ಲ.