ಅಮ್ಮನ ಕಿವಿಗೆ ಬಿದ್ದ ಸದ್ದು

ಗೊರವನಹಳ್ಳಿಯ ದೇವಸ್ಥಾನದ ಮುಂದೆ ನನ್ನ ಇಬ್ಬರು ತಮ್ಮಂದಿರು ಹೊಸ ಎಸ್‌ಯುವಿಗಳಿಗೆ ಪೂಜೆ ಮಾಡಿಸಿ, ಯಾವುದು ಮೇಲು ಎಂದು ವಾದಕ್ಕೆ ಬಿದ್ದಿದ್ದರು. ದೊಡ್ಡವನದು ಜರ್ಮನಿಯದು, ಚಿಕ್ಕವನದು ಅಮೆರಿಕದ್ದು. ವೇಗ, ರಸ್ತೆಯ ಹಿಡಿತ, ಎಂಜಿನ್ನಿನ ಶಕ್ತಿ, ಯಾವುದರಲ್ಲೂ ಇಬ್ಬರೂ ಸೋಲಲೊಲ್ಲರು. ಕೊನೆಗೆ ಅಮ್ಮನನ್ನೇ ಕೂರಿಸಿ ಕೇಳೋಣ ಎಂದರು.

ಜರ್ಮನಿಯ ಗಾಡಿ ಸದ್ದಿಲ್ಲದೆ ಒಂದು ಸುತ್ತು ಹಾಕಿ ಬಂತು. “ನೀರ್ ಮ್ಯಾಲೆ ತೇಲ್ದಂಗೈತೆ ಕಣ್ಲಾ,” ಎಂದು ಅಮ್ಮ ಮೆಚ್ಚಿದಳು. ಆಮೇಲೆ ಅಮೆರಿಕದ್ದನ್ನು ಹತ್ತಿದಳು. ಎಂಜಿನ್ ಗುಡುಗುಡು ಎಂದದ್ದೇ ತಡ, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಿಮ್ಮಪ್ಪನ ಜೀಪು ಬಂದಂಗಾಯ್ತು ಕಣ್ಲಾ. ಇನ್ನೊಂದ್ ಸಲ ಸ್ಟಾರ್ಟ್ ಮಾಡು.”

ಅಪ್ಪ ಮಧುಗಿರಿ, ಕೊರಟಗೆರೆ ನಡುವೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಊರ ಹೊರಗೆ ಅದರ ಸದ್ದು ಕೇಳಿದೊಡನೆ ಅಮ್ಮ ಮುದ್ದೆಗೆ ಎಸರಿಡುತ್ತಿದ್ದಳು. ಚಿಕ್ಕವನು ಎಂಜಿನ್ ಆರಿಸಿ, ಮತ್ತೆ ಸ್ಟಾರ್ಟ್ ಮಾಡಿದ. ದೊಡ್ಡವನೂ ಹತ್ತಿ ಬಂದು ಅವಳ ಪಕ್ಕದಲ್ಲಿ ಕೂತ. ಗಾಡಿಗಳ ಮಾತು ಅಲ್ಲಿಗೆ ನಿಂತಿತು.

ಅಪ್ಪ ತೀರಿಹೋಗಿ ಎಷ್ಟೋ ವರ್ಷವಾಯಿತು. ಆದರೂ ಅಮ್ಮನ ಕಿವಿ ಇನ್ನೂ ದಾರಿಯ ಕಡೆಗೇ ಇದೆ ಎಂದು ನಮಗೆ ತಿಳಿದದ್ದು ಅಂದೇ. ಈಗ ತವರಿಗೆ ಹೋದಾಗಲೆಲ್ಲ, ಊರ ತಿರುವಿನಲ್ಲೇ ನನ್ನ ಸ್ಕೂಟರಿನ ಹಾರ್ನ್ ಒಮ್ಮೆ ಒತ್ತುತ್ತೇನೆ.